ಕಂದಾಯ ಕೇಳಲು ಹೋದ ಪುರಸಭೆ ಸದಸ್ಯೆ: ನನ್ನ ಅನುಭವ

ಪುರಸಭೆಗೆ ದುಡ್ಡು ಬರುವ ದಾರಿ ಎರಡು. ಒಂದು ಸರ್ಕಾರದ ಅನುದಾನ, ಇನ್ನೊಂದು ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ಶುಲ್ಕಗಳಿಂದ ನಾವೇ ವಸೂಲು ಮಾಡುವುದು. ಸದಸ್ಯೆಯಾಗಿದ್ದಾಗ ನಾನು ಹೆಚ್ಚು ಓಡಾಡಿದ್ದು ಎರಡನೆಯದರ ಹಿಂದೆ.

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಪಟ್ಟಣಗಳಿಗೆ ವಹಿಸಬಹುದಾದ 18 ಹೊಣೆಗಳನ್ನು ಹನ್ನೆರಡನೇ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ಎಷ್ಟು ವಹಿಸಬೇಕು, ಯಾವ ತೆರಿಗೆ ಬಿಟ್ಟುಕೊಡಬೇಕು ಎಂಬುದು ರಾಜ್ಯದ ಕೈಯಲ್ಲೇ ಉಳಿಯಿತು. ಅನುದಾನಕ್ಕೋ ಷರತ್ತು ಅಂಟಿಕೊಂಡೇ ಬರುತ್ತದೆ. ಕೇಂದ್ರದ ಹಣ ಹೇಗೆ ಹಂಚಬೇಕೆಂದು ಶಿಫಾರಸು ಮಾಡುವ 15ನೇ ಹಣಕಾಸು ಆಯೋಗ 2021–26ಕ್ಕೆ ನಮ್ಮಂಥ ಊರುಗಳಿಗೆ ಹೇಳಿದ ಮೊತ್ತದಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. ಬೇಡವೆನ್ನುವುದಿಲ್ಲ. ಆದರೆ ಅಡ್ಡರಸ್ತೆಯ ಮೋರಿ ಕುಸಿದರೆ ಅನುದಾನದ ಕಾಮಗಾರಿ ಪಟ್ಟಿಯಾದ ಕ್ರಿಯಾಯೋಜನೆ ಮಂಜೂರಾಗುವ ತನಕ ಜನ ಸುಮ್ಮನಿರುತ್ತಾರೆಯೇ?

ಕಂದಾಯ ಶಾಖೆಯಲ್ಲಿ ಯಾವ ಆಸ್ತಿಯಿಂದ ಎಷ್ಟು ತೆರಿಗೆ ಬರಬೇಕೆಂದು ಬರೆದಿಡುವ ನನ್ನ ವಾರ್ಡಿನ ಡಿಮ್ಯಾಂಡ್ ರಿಜಿಸ್ಟರ್ ತೆಗೆಸಿ, ಬಿಲ್ ಕಲೆಕ್ಟರ್ ಜೊತೆ ಕೂತು ಸಾಲುಸಾಲಾಗಿ ಓದಿದೆ. ತೀರಿಕೊಂಡ ಅಜ್ಜನ ಹೆಸರಲ್ಲೇ ಖಾತೆ. ಪುಸ್ತಕದಲ್ಲಿ ಹೆಂಚಿನ ಮನೆ, ಜಾಗದಲ್ಲಿ ಎರಡಂತಸ್ತಿನ ಆರ್‌ಸಿಸಿ. ಕೆಳಗೆ ಅಂಗಡಿ ನಡೆಯುತ್ತಿದ್ದರೂ ತೆರಿಗೆ ವಾಸದ ಮನೆಯದು. ಆ ಪಟ್ಟಿ ಹಿಡಿದು ಮನೆಮನೆ ಹತ್ತಿದೆವು.

"ಚರಂಡಿ ಮಾಡಿಸ್ದೆ ಕಂದಾಯ ಕೇಳೋಕ್ ಬಂದ್ರಾ ಅಕ್ಕಾ?"

ನ್ಯಾಯವಾದ ಮಾತೇ. ಕಟ್ಟಿದ್ದು ಎಲ್ಲಿಗೆ ಹೋಗುತ್ತದೆಂದು ಕಾಣದೆ ಯಾರೂ ಖುಷಿಯಿಂದ ಕಟ್ಟುವುದಿಲ್ಲ. ವಾರ್ಡಿನಿಂದ ಬರಬೇಕಾದ ತೆರಿಗೆ, ವಸೂಲಿ, ಬಾಕಿ ಮೂರನ್ನೂ ದೊಡ್ಡಕ್ಷರದಲ್ಲಿ ಬರೆಸಿ ಅಂಗನವಾಡಿ ಗೋಡೆಗೆ ಅಂಟಿಸಿದೆ. ಬಾಕಿದಾರರ ಹೆಸರು ಹಾಕಲಿಲ್ಲ. ಹಾಕಿದ್ದರೆ ಜಗಳವೇ ವಸೂಲಾಗುತ್ತಿತ್ತು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಎಂಬುದನ್ನು ಸ್ತ್ರೀಶಕ್ತಿ ಸಂಘದವರು ನನಗಿಂತ ಚೆನ್ನಾಗಿ ಸಾರಿದರು. "ಕಂದಾಯ ಕೇಳಿದೋರಿಗೆ ಓಟು ಯಾರಮ್ಮ ಹಾಕ್ತಾರೆ?" ಎಂದು ಹಿರಿಯ ಸದಸ್ಯರೊಬ್ಬರು ಬುದ್ಧಿ ಹೇಳಿದ್ದೂ ಉಂಟು.

ಬಜೆಟ್ ಪೂರ್ವಭಾವಿ ಸಭೆಗೆ ಆ ಹೆಂಗಸರನ್ನೇ ಕರೆದೊಯ್ದೆ. ಗುತ್ತಿಗೆದಾರರೇ ತುಂಬಿರುತ್ತಿದ್ದ ಸಭೆಯಲ್ಲಿ ಅವರು ರಸೀದಿ ಹಿಡಿದು ಮೋರಿ ಕೇಳಿದರು. ಸಾಮಾನ್ಯ ಸಭೆಯಲ್ಲಿ ಸ್ವಂತ ನಿಧಿಯಿಂದ ಹಣ ಎಂದು ತೀರ್ಮಾನವಾಯಿತು. ನಡವಳಿಯಲ್ಲಿ ಅದು ಅಕ್ಷರಶಃ ಬಂದಿದೆಯೇ ಎಂದು ನೋಡಿಯೇ ಎದ್ದೆ. ಬಾಯಲ್ಲಿ ಒಪ್ಪಿದ್ದು ಕಡತ ತಲುಪದೆ ಹೋಗುವುದು ಹೊಸದಲ್ಲ.

ಮೋರಿ ಮಳೆಗಾಲಕ್ಕೆ ಮುಂಚೆ ಮುಗಿಯಿತು. ಮಳಿಗೆ ಬಾಡಿಗೆ ಬಾಕಿ ಮಾತ್ರ ನನ್ನ ಅವಧಿಯಲ್ಲಿ ಕದಲಲಿಲ್ಲ. ಬಾಡಿಗೆದಾರರಲ್ಲಿ ಕೆಲವರು ನನ್ನ ಜೊತೆ ಸಭೆಯಲ್ಲಿ ಕೂರುತ್ತಿದ್ದವರ ನೆಂಟರೇ.