ಕಾಣೆಯಾದ ಬಾಂದು ಕಲ್ಲನ್ನು ಸರ್ವೇಯರ್ ಹುಡುಕುವುದು ಹೇಗೆ?

ಟ್ರ್ಯಾಕ್ಟರ್ ತಾಗಿ ಕಿತ್ತಿರಬಹುದು, ಮಣ್ಣಿನಡಿ ಮುಚ್ಚಿರಬಹುದು, ಯಾರೋ ಎತ್ತಿ ಮನೆ ಪಾಯಕ್ಕೆ ಹಾಕಿರಲೂಬಹುದು. ಜಮೀನಿನ ಗಡಿ ತೋರಿಸುವ ಮೂಲೆಯ ಬಾಂದು ಕಲ್ಲು ಹೋಯಿತೆಂದರೆ ಬದುವನ್ನೇ ಗಡಿ ಅಂದುಕೊಳ್ಳುವವರು ಜಾಸ್ತಿ. ಆದರೆ ಬದು ಉಳುಮೆಯ ಜೊತೆ ಸುಮ್ನೆ ಸರಿಯುತ್ತಾ ಹೋಗುತ್ತದೆ. ಅದನ್ನು ನಂಬಿ ಅಳೆಯಲು ಆಗುವುದಿಲ್ಲ.

ಕರ್ನಾಟಕದಲ್ಲಿ ಸರ್ವೇಯರ್ ಗಡಿ ಅಳೆದು ಗುರುತಿಸುವ ಕೆಲಸಕ್ಕೆ ಹದ್ದುಬಸ್ತು ಎನ್ನುತ್ತಾರೆ. ಪಹಣಿ ಹಿಡಿದು ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಶುಲ್ಕ ಕಟ್ಟಬೇಕು. ಅಳತೆಯ ದಿನ ತಿಳಿಸುವ ನೋಟಿಸ್ ಅಕ್ಕಪಕ್ಕದ ಜಮೀನಿನವರಿಗೂ ಹೋಗುತ್ತದೆ.

ಹೊಲಕ್ಕೆ ಬರುವ ಮೊದಲೇ ಸರ್ವೇಯರ್ ಹಳೆಯ ಟಿಪ್ಪಣಿ (ಮೂಲ ಸರ್ವೆಯ ಅಳತೆ ಚಿತ್ರ), ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ ಬರೆದ ದಾಖಲೆ), ಗ್ರಾಮ ನಕ್ಷೆ ತೆಗೆಸಿಕೊಳ್ಳುತ್ತಾರೆ. ಇದರಲ್ಲಿ ಟಿಪ್ಪಣಿಯೇ ಮುಖ್ಯ. ಜಮೀನಿನ ನಡುವೆ ಎಳೆದ ಮೂಲ ಗೆರೆ, ಅದರಿಂದ ಎಡಬಲಕ್ಕೆ ಪ್ರತಿ ಮೂಲೆಗೆ ಎಷ್ಟು ದೂರ ಎಂಬುದು ಅದರಲ್ಲಿರುತ್ತದೆ. ಅಳತೆ ಇರುವುದು ಸರಪಳಿ ಮತ್ತು ಆಣೆಯಲ್ಲಿ. ಒಂದು ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗ ಒಂದು ಗುಂಟೆ. ಇಲ್ಲೇ ಎಡವುವುದು: 5 ಸರಪಳಿ 8 ಆಣೆ ಎಂದರೆ ಐದೂವರೆ ಸರಪಳಿ, ಅಂದರೆ 181.5 ಅಡಿ. ಅದನ್ನು 5.8 ಎಂದು ಓದಿದರೆ 191.4 ಅಡಿ ಆಗುತ್ತದೆ. ಕಲ್ಲು ಹತ್ತು ಅಡಿ ಆಚೆ ಹೋಗಿ ಕೂರುತ್ತದೆ, ಜಗಳ ಶುರು!

ಹೊಲದಲ್ಲಿ ಮೊದಲು ಹುಡುಕುವುದು ಕಳೆದ ಕಲ್ಲನ್ನಲ್ಲ, ಉಳಿದಿರುವ ಕಲ್ಲುಗಳನ್ನು. ಮೂರು ಸರ್ವೆ ನಂಬರ್ ಕೂಡುವ ಜಾಗದ ಕಲ್ಲು ಸಿಕ್ಕರೆ ಒಳ್ಳೆಯದು. ಎರಡು ಕಲ್ಲುಗಳ ನಡುವೆ ಅಳೆದು ಟಿಪ್ಪಣಿಗೆ ಹೋಲಿಸುತ್ತಾರೆ. ತಾಳೆಯಾದರೆ ಅವು ಕದಲಿಲ್ಲ ಎಂದು ನಂಬಬಹುದು. ತಾಳೆಯಾಗದಿದ್ದರೆ ಪಕ್ಕದ ಸರ್ವೆ ನಂಬರಿನ ಟಿಪ್ಪಣಿ ಬೇಕು. ಒಂದೇ ಗಡಿ ಇಬ್ಬರ ಕಾಗದದಲ್ಲೂ ಇರುತ್ತದೆ ಅಲ್ವಾ?

ನಂಬುವ ಕಲ್ಲುಗಳಿಂದ ಮೂಲ ಗೆರೆಯನ್ನು ನೆಲದ ಮೇಲೆ ಎಳೆದು, ಟಿಪ್ಪಣಿ ಹೇಳಿದಷ್ಟು ದೂರದಲ್ಲಿ ನಿಂತು, ಕ್ರಾಸ್ ಸ್ಟಾಫ್ ಎಂಬ ಲಂಬಕೋನ ತೋರಿಸುವ ಸಾಧನದಿಂದ ಲಂಬ ಹಿಡಿದು ಮೂಲೆ ಗುರುತಿಸುತ್ತಾರೆ. ಈಗ ಇದೇ ಕೆಲಸಕ್ಕೆ ದೂರ, ಕೋನ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್, ಉಪಗ್ರಹದ ಸಂಕೇತದಿಂದ ಜಾಗ ಗುರುತಿಸುವ ರೋವರ್ ಬಂದಿವೆ. ಯಂತ್ರ ಚುರುಕು, ಆದರೆ ತಪ್ಪು ಕಲ್ಲಿನಿಂದ ಹೊರಟರೆ ಅದೂ ತಪ್ಪನ್ನೇ ತೋರಿಸುತ್ತದೆ. ಗುರುತು ಸಿಕ್ಕ ಜಾಗದಲ್ಲಿ ಒಮ್ಮೆ ಅಗೆಸಿ ನೋಡಿ. ಹಳೆಯ ಕಲ್ಲು ಅಲ್ಲೇ ಹೂತಿರಬಹುದು.

ಕೊನೆಗೆ ವಿಸ್ತೀರ್ಣವನ್ನು ಆಕಾರಬಂದ್‌ಗೆ ಹೋಲಿಸಿ, ಕಲ್ಲು ನೆಡಿಸಿ, ಮಹಜರು ಬರೆದು ಹಾಜರಿದ್ದವರ ಸಹಿ ಪಡೆಯುತ್ತಾರೆ. ನಕ್ಷೆಯ ಪ್ರತಿ ತೆಗೆದಿಟ್ಟುಕೊಳ್ಳಿ. ಸರ್ವೇಯರ್ ಗಡಿ ತೋರಿಸಬಲ್ಲರು, ಒತ್ತುವರಿ ಬಿಡಿಸಲಾರರು. ಪಕ್ಕದವರು ಜಾಗ ಬಿಡದಿದ್ದರೆ ಸಿವಿಲ್ ಕೋರ್ಟ್‌ಗೆ ಹೋಗಬೇಕು, ಅಲ್ಲಿ ಈ ನಕ್ಷೆ ಮತ್ತು ಮಹಜರು ಬೇಕಾಗುತ್ತವೆ.