ತೊಗಲಿನ ನೆಲಹಾಸು: ಯಾವ ಕೋಣೆಯಲ್ಲಿ, ಹೇಗೆ ಹಾಸಬೇಕು?

ಮಗ್ಗದಲ್ಲಿ ನೇಯ್ದ ಜಮಖಾನೆಗೆ ನಾಲ್ಕು ಮೂಲೆಗಳಿರುತ್ತವೆ. ಗೋಡೆಗೆ ನೇರವಾಗಿ ಹಾಸಿದರೆ ಕೆಲಸ ಮುಗಿಯಿತು. ಕೂದಲು ಉಳಿಸಿಕೊಂಡು ಹದ ಮಾಡಿದ ದನದ ತೊಗಲಿಗೆ, ಅಂದರೆ ಕೌಹೈಡ್ ರಗ್‌ಗೆ, ಮೂಲೆಗಳೇ ಇಲ್ಲ. ಒಂದು ತುದಿಯಲ್ಲಿ ಕತ್ತು, ಇನ್ನೊಂದರಲ್ಲಿ ಬಾಲದ ಬುಡ, ನಾಲ್ಕು ಕಡೆ ಚಾಚಿಕೊಂಡ ಕಾಲಿನ ಭಾಗ, ನಟ್ಟನಡುವೆ ಬೆನ್ನಿನ ಗೆರೆ. ಹಾಸುವಾಗ ಎರಡು ಸಂಗತಿ ನೋಡಿದರೆ ಸಾಕು: ಅಂಚಿನ ಆಕಾರ ಕಣ್ಣಿಗೆ ಕಾಣುತ್ತಿರಬೇಕು, ಕೂದಲು ಮಲಗಿದ ದಿಕ್ಕಿಗೆ ಎದುರಾಗಿ ಹೆಚ್ಚು ಓಡಾಟ ಬೀಳಬಾರದು. ಇವೆರಡೂ ಆಗದ ಜಾಗಕ್ಕೆ ಬೇರೆ ಹಾಸು ಹುಡುಕುವುದೇ ವಾಸಿ.

ಅಳತೆ ಮೂರು ಕಡೆ ತೆಗೆಯಿರಿ

ಪೂರ್ಣ ತೊಗಲು ಸಾಮಾನ್ಯವಾಗಿ 6ರಿಂದ 7.5 ಅಡಿ ಉದ್ದ, 5ರಿಂದ 6.5 ಅಡಿ ಅಗಲ ಇರುತ್ತದೆ. ಕರುವಿನ ತೊಗಲು 3 ಅಡಿಯ ಆಸುಪಾಸು. ಮಾರುವವರು ಹೇಳುವ ಅಳತೆ ತುದಿಯಿಂದ ತುದಿಗೆ ತೆಗೆದದ್ದು. ಅಗಲವೆಂದರೆ ಕಾಲಿನ ಚಾಚುಗಳ ನಡುವಿನ ಅಗಲ. ಟೀಪಾಯಿ ಕೂರುವುದು ಅಲ್ಲಲ್ಲ, ಸೊಂಟದ ಭಾಗದಲ್ಲಿ. ಅಲ್ಲಿ ಅಗಲ ಒಂದರಿಂದ ಒಂದೂವರೆ ಅಡಿ ಕಡಿಮೆಯೇ ಸಿಗುತ್ತದೆ. ಆದ್ದರಿಂದ ಬೆನ್ನಿನ ಗೆರೆಯ ಉದ್ದ, ಸೊಂಟದ ಅಗಲ, ಕಾಲಿನ ತುದಿಗಳ ಅಗಲ ಮೂರನ್ನೂ ಕೇಳಿ ಬರೆದುಕೊಳ್ಳಿ.

ಕೊಳ್ಳುವ ಮುನ್ನ ಹಳೆಯ ಬೆಡ್‌ಶೀಟನ್ನೋ ಅಂಟಿಸಿದ ನ್ಯೂಸ್‌ಪೇಪರ್ ಹಾಳೆಗಳನ್ನೋ ಆ ಅಳತೆಗೆ ಕತ್ತರಿಸಿ ನೆಲದ ಮೇಲೆ ಹರಡಿ ಎರಡು ದಿನ ಬಿಡಿ. ಬಾಗಿಲು ಎಲ್ಲಿ ತಾಗುತ್ತದೆ, ಯಾವ ಚಾಚು ಕಾಲಿಗೆ ತೊಡರುತ್ತದೆ, ಸೋಫಾದ ಕೆಳಗೆ ಎಷ್ಟು ಅಡಗಿಹೋಗುತ್ತದೆ ಎಲ್ಲವೂ ಅದರಲ್ಲೇ ಗೊತ್ತಾಗುತ್ತದೆ.

ಬಿಚ್ಚಿದ ಕೂಡಲೇ ಜಾಗಕ್ಕೆ ಹಾಕಬೇಡಿ

ಮಡಚಿ ಬಂದ ತೊಗಲಿನಲ್ಲಿ ಗೆರೆಗಳಿರುತ್ತವೆ. ಓಡಾಟವಿಲ್ಲದ, ಬಿಸಿಲು ಬೀಳದ ಕಡೆ ಮೂರು–ನಾಲ್ಕು ದಿನ ಚಪ್ಪಟೆಯಾಗಿ ಹರಡಿಟ್ಟರೆ ಬಹುತೇಕ ಗೆರೆಗಳು ತಾವಾಗಿಯೇ ಹೋಗುತ್ತವೆ. ಹೋಗದಿದ್ದರೆ ಕೂದಲು ಕೆಳಗಾಗುವಂತೆ ತಿರುಗಿಸಿ, ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಗೆರೆ ಇರುವಲ್ಲಿ ಮಾತ್ರ ಹಿಂಬದಿಯನ್ನು ತೇವ ಮಾಡಿ. ಕೈಯಿಂದ ಎರಡೂ ಬದಿಗೆ ಎಳೆದು ಸಮ ಮಾಡಿ, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ಒಂದು ದಿನ ಬಿಡಿ. ತೇವ ಎಂದರೆ ತೇವ ಮಾತ್ರ. ನೀರು ಸುರಿದರೆ ತೊಗಲು ಒಣಗುವಾಗ ಬಿರುಸಾಗಿ, ಅಂಚು ಮೊದಲಿಗಿಂತ ಹೆಚ್ಚು ಮೇಲೇಳುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಹತ್ತಿರಕ್ಕೂ ತರಬೇಡಿ: ಬಿಸಿಗೆ ತೊಗಲು ಕುಗ್ಗುತ್ತದೆ, ಕುಗ್ಗಿದ್ದು ಮತ್ತೆ ಹಿಗ್ಗುವುದಿಲ್ಲ.

ಬೆನ್ನಿನ ಭಾಗ ದಪ್ಪ, ಹೊಟ್ಟೆಯ ಅಂಚು ತೆಳು. ಹೀಗಾಗಿ ಮೊದಲು ಸುರುಳಿಯಾಗುವುದು ಹೊಟ್ಟೆಯ ಕಡೆಯ ಅಂಚೇ. ಕಾಲಿನ ತುದಿಯೊಂದು ಹಠ ಹಿಡಿದು ಮೇಲೇಳುತ್ತಿದ್ದರೆ ಅದಷ್ಟನ್ನು ಕತ್ತರಿಸಿಹಾಕಬಹುದು. ಆದರೆ ಕತ್ತರಿಯಿಂದಲ್ಲ; ಹಿಂಬದಿಯಿಂದ ಹರಿತವಾದ ಬ್ಲೇಡಿನಲ್ಲಿ, ತೊಗಲನ್ನು ನೆಲದಿಂದ ಕೊಂಚ ಎತ್ತಿ ಹಿಡಿದು, ಚರ್ಮ ಮಾತ್ರ ಸೀಳುವಂತೆ. ಕತ್ತರಿ ಹಾಕಿದರೆ ಕೂದಲೂ ತುಂಡಾಗಿ, ಬೋಳಿಸಿದ ಗೆರೆಯೊಂದು ಉಳಿದುಬಿಡುತ್ತದೆ.

ಕೂದಲಿನ ದಿಕ್ಕು

ಕತ್ತಿನಿಂದ ಬಾಲದ ಕಡೆಗೆ ಅಂಗೈ ಸವರಿ ನೋಡಿ, ನುಣ್ಣಗೆ ಜಾರುತ್ತದೆ. ತಿರುಗಿ ಸವರಿದರೆ ಕೂದಲು ನಿಮಿರಿ ನಿಲ್ಲುತ್ತದೆ. ಕಾಲು, ಕುರ್ಚಿ, ಪೊರಕೆ ಎಲ್ಲಕ್ಕೂ ಇದೇ ಲೆಕ್ಕ: ಎದುರು ದಿಕ್ಕಿನಲ್ಲಿ ಪದೇಪದೇ ಉಜ್ಜಿದ ಕಡೆ ಕೂದಲು ಬುಡದಿಂದ ಮುರಿದು ಜಾಗ ಬೋಳಾಗುತ್ತದೆ. ಆದ್ದರಿಂದ ಜನ ಹೆಚ್ಚಾಗಿ ಒಳಬರುವ ಬದಿಗೆ ಕತ್ತಿನ ತುದಿ ಇರಲಿ. ನೋಟಕ್ಕೂ ಇದರಿಂದ ವ್ಯತ್ಯಾಸವಿದೆ. ಕತ್ತಿನ ಕಡೆ ನಿಂತು ನೋಡಿದರೆ ಬಣ್ಣ ತಿಳಿಯಾಗಿ, ಹೊಳಪಾಗಿ ಕಾಣುತ್ತದೆ. ಬಾಲದ ಕಡೆಯಿಂದ ಅದೇ ಬಣ್ಣ ಗಾಢ. ಬೆಳಕು ಕಡಿಮೆ ಇರುವ ಕೋಣೆಯಲ್ಲಿ ಇದು ಸಣ್ಣ ಲಾಭವಲ್ಲ.

ಹಾಲ್

ತೊಗಲಿಗೆ ಅತ್ಯಂತ ಒಪ್ಪುವ ಜಾಗ ಇದು. ಒಪ್ಪಿಸುವ ದಾರಿ ಎರಡು.

ಮೊದಲನೆಯದು, ಸೋಫಾ ಮತ್ತು ಟೀಪಾಯಿ ನಡುವೆ. ಟೀಪಾಯಿಯನ್ನು ಸರಿಸಿ, ತೊಗಲಿನ ಬೆನ್ನಿನ ಗೆರೆ ಸೋಫಾದ ಉದ್ದಕ್ಕೆ ಸಮನಾಗುವಂತೆ ಹರಡಿ. ನಂತರ ಒಂದು ತುದಿ ಹಿಡಿದು ಇಡೀ ಹಾಸನ್ನು 20ರಿಂದ 30 ಡಿಗ್ರಿಯಷ್ಟು ಓರೆ ಮಾಡಿ. ಗೋಡೆಗೆ ನೇರವಾಗಿ ಹಾಸಿದ ತೊಗಲು ಯಾಕೋ ಬಿಗುಮಾನದಿಂದ ಮಲಗಿದಂತೆ ಕಾಣುತ್ತದೆ. ಓರೆಯಾದಾಗ ಅದರ ಅಂಕುಡೊಂಕಿಗೆ ಅರ್ಥ ಬರುತ್ತದೆ. ಸೋಫಾದ ಮುಂಗಾಲುಗಳ ಕೆಳಗೆ 6ರಿಂದ 8 ಅಂಗುಲ ಮಾತ್ರ ಹೋಗಲಿ, ಅಥವಾ ಪೂರ್ತಿ ಹೊರಗಿರಲಿ. ಅರ್ಧ ತೊಗಲನ್ನು ಸೋಫಾದ ಅಡಿಗೆ ತಳ್ಳಿದರೆ ಆಕಾರವೇ ಮಾಯ, ನೋಡಿದವರಿಗೆ ಕೊಯ್ದು ಉಳಿದ ತುಂಡಿನಂತೆ ಕಾಣುತ್ತದೆ. ಕಡೆಗೆ ಟೀಪಾಯಿಯನ್ನು ಸೊಂಟದ ಮೇಲೆ, ಸೋಫಾದಿಂದ 16ರಿಂದ 18 ಅಂಗುಲ ದೂರದಲ್ಲಿಡಿ. ನಾಲ್ಕು ಕಾಲಿನ ಚಾಚುಗಳಲ್ಲಿ ಕನಿಷ್ಠ ಮೂರು ಬಯಲಿಗೆ ಕಾಣುತ್ತಿವೆಯೇ ನೋಡಿ. ಸೊಂಟದ ಅಗಲ 4 ಅಡಿ ಇದ್ದರೆ 2 ಅಡಿ ಅಗಲದ ಟೀಪಾಯಿ ಸಾಕು; 3 ಅಡಿಯ ಚೌಕ ಮೇಜು ಇಟ್ಟರೆ ಹಾಸು ಕಾಣುವುದೇ ಇಲ್ಲ. ಗಾಜಿನ ಮೇಲ್ಭಾಗದ ಟೀಪಾಯಿಗೆ ಈ ತೊಂದರೆ ಇಲ್ಲ, ಬೆನ್ನಿನ ಗೆರೆಯೂ ಅದರೊಳಗಿಂದ ಕಾಣುತ್ತದೆ.

ಎರಡನೆಯದು, ದೊಡ್ಡ ಹಾಸಿನ ಮೇಲೆ ತೊಗಲು. ಹಾಲ್ ದೊಡ್ಡದಿದ್ದು ಒಂದೇ ತೊಗಲು ಕರವಸ್ತ್ರ ಬಿದ್ದಂತೆ ಕಾಣುವಾಗ ಇದು ಸರಿಯಾದ ಉಪಾಯ. ಕೆಳಗೆ ಸೆಣಬು, ಕತ್ತಾಳೆ ನಾರು ಅಥವಾ ಹತ್ತಿಯ ಒತ್ತು ನೇಯ್ಗೆಯ ಹಾಸು ಬೇಕು, ಒಂದೇ ಬಣ್ಣದ್ದಾದರೆ ಉತ್ತಮ. 6×7 ಅಡಿಯ ತೊಗಲಿಗೆ 8×10 ಅಡಿಯ ಹಾಸು ಹೊಂದುತ್ತದೆ. ತೊಗಲನ್ನು ನಟ್ಟನಡುವೆ ಇಡದೆ ಸೋಫಾದ ಎದುರಿನ ಒಂದು ಬದಿಗೆ ಸ್ವಲ್ಪ ಸರಿಸಿ ಓರೆಯಾಗಿಡಿ. ಮೆತ್ತನೆ ಎಳೆಗಳ ದಪ್ಪ ಕಾರ್ಪೆಟ್ಟಿನ ಮೇಲೆ ಮಾತ್ರ ಬೇಡ. ಅಡಿಯಲ್ಲಿ ಗಟ್ಟಿ ನೆಲ ಸಿಗದ ತೊಗಲು ಪ್ರತಿ ಹೆಜ್ಜೆಗೂ ಹಿಗ್ಗಿ, ಕೆಲವೇ ತಿಂಗಳಲ್ಲಿ ಅಲೆಅಲೆಯಾಗಿ ಸುಕ್ಕುಗಟ್ಟುತ್ತದೆ.

ಹಾಲ್‌ನ ಶತ್ರು ಕಿಟಕಿ. ನೇರ ಬಿಸಿಲಿಗೆ ಕೂದಲಿನ ಬಣ್ಣ ಹಾರುತ್ತದೆ, ಕಪ್ಪು ಕಂದಾಗುತ್ತದೆ; ಚರ್ಮವೂ ಒಣಗಿ ಬಿರುಸಾಗುತ್ತದೆ. ಬಿಸಿಲು ದಿನದ ಯಾವ ಹೊತ್ತಿನಲ್ಲಿ ಎಲ್ಲಿಯವರೆಗೆ ಬರುತ್ತದೆಂದು ನೋಡಿ, ಆ ಗೆರೆಯಿಂದ ಈಚೆಗೆ ಹಾಸಿ. ಬೆಂಕಿಗೂಡು, ಹೀಟರುಗಳ ಎದುರೂ ಇದೇ ಎಚ್ಚರ.

ಮಲಗುವ ಕೋಣೆ

ಮಂಚದ ಅಡಿಗೆ ಪೂರ್ತಿ ಹಾಸುವುದು ಸಾಮಾನ್ಯವಾಗಿ ಆಗುವ ತಪ್ಪು. 5 ಅಡಿ ಅಗಲದ ಮಂಚದ ಕೆಳಗೆ 6 ಅಡಿ ಅಗಲದ ತೊಗಲು ಹಾಸಿದರೆ ಎರಡೂ ಬದಿಗೆ ಅರ್ಧರ್ಧ ಅಡಿ ಇಣುಕುತ್ತದೆ, ಉಳಿದದ್ದು ಕತ್ತಲಿಗೆ. ಅದರ ಬದಲು ಕಾಲ್ದೆಸೆಗೆ ಹಾಸಿ. ಬೆನ್ನಿನ ಗೆರೆ ಮಂಚದ ಅಡ್ಡಕ್ಕೆ ಸಮನಾಗಿರಲಿ, 2 ಅಡಿ ಒಳಗೆ, 4 ಅಡಿ ಹೊರಗೆ. 7 ಅಡಿ ಉದ್ದದ ತೊಗಲು ಆಗ ಮಂಚದ ಎರಡೂ ಪಕ್ಕಕ್ಕೆ ಒಂದೊಂದು ಅಡಿ ಚಾಚುತ್ತದೆ. ಇದಕ್ಕೆ ಮಂಚದ ತುದಿಯಿಂದ ಎದುರಿನ ಗೋಡೆಗೆ ಅಥವಾ ಕಪಾಟಿಗೆ ಕನಿಷ್ಠ 5 ಅಡಿ ಇರಬೇಕು. ಕಪಾಟಿನ ಬಾಗಿಲು ತೆರೆದು ನೋಡಿ, ಅಂಚಿಗೆ ತಾಗಿದರೆ ದಿನಕ್ಕೆರಡು ಸಲ ಅದನ್ನು ಮಡಚುತ್ತಲೇ ಇರುತ್ತದೆ.

ಕೆಳಗೆ ಸಾಮಾನಿಡುವ ಪೆಟ್ಟಿಗೆ ಮಂಚವಾದರೆ ಒಳಗೆ ತಳ್ಳುವ ಪ್ರಶ್ನೆಯೇ ಇಲ್ಲ. ಇಡೀ ತೊಗಲನ್ನು ಹೊರಗೇ ಹಾಸಬೇಕು.

ಚಿಕ್ಕ ಕೋಣೆಗೆ ಕರುವಿನ ತೊಗಲು ಸರಿ. ಮಂಚದ ಒಂದೊಂದು ಪಕ್ಕಕ್ಕೆ ಒಂದೊಂದು, ತಲೆದಿಂಬಿನ ಹತ್ತಿರವಲ್ಲ, ಎದ್ದು ಕುಳಿತಾಗ ಪಾದ ಊರುವ ಕಡೆ, ಅಂದರೆ ಸುಮಾರು ಮಂಚದ ಮಧ್ಯಕ್ಕೆ. ಹಗುರವಾದ್ದರಿಂದ ಇವು ಜಾರುವುದು ಹೆಚ್ಚು, ಅಡಿಗೆ ಜಾರುತಡೆ ಜಾಲರಿ ಹಾಕದೆ ಬಿಡಬೇಡಿ.

ಊಟದ ಕೋಣೆ, ಓದುವ ಕೋಣೆ, ಹೆಬ್ಬಾಗಿಲು

ಡೈನಿಂಗ್ ಟೇಬಲ್ ಕೆಳಗೆ ಬೇಡ ಎಂಬುದೇ ಸರಿಯಾದ ಸಲಹೆ. ಕುರ್ಚಿ ಹಿಂದಕ್ಕೆ ಎಳೆದಾಗಲೂ ಹಾಸಿನ ಮೇಲೇ ಇರಬೇಕಾದರೆ ಮೇಜಿನ ಸುತ್ತ 2 ಅಡಿ ಹೆಚ್ಚುವರಿ ಬೇಕು. 4 ಅಡಿ ವ್ಯಾಸದ ದುಂಡು ಮೇಜಿಗೆ ಅದು 8 ಅಡಿಯಾಗುತ್ತದೆ, ಅಷ್ಟು ಅಗಲ ಯಾವ ಒಂಟಿ ತೊಗಲೂ ಕೊಡುವುದಿಲ್ಲ. ಕುರ್ಚಿಯ ಎರಡು ಕಾಲು ತೊಗಲಿನ ಮೇಲೆ, ಎರಡು ನೆಲದ ಮೇಲೆ ನಿಂತು ಕುಲುಕಾಡುತ್ತವೆ. ಅಂಚು ದಿನವೂ ಸಿಕ್ಕಿಕೊಳ್ಳುತ್ತದೆ. ಚೌಕ ತುಂಡುಗಳನ್ನು ಹೊಲಿದು ಮಾಡಿದ ದೊಡ್ಡ ಆಯತದ ಹಾಸುಗಳು ಸಿಗುತ್ತವೆ, ಅಳತೆ ಸಾಲುತ್ತದೆ ನಿಜ. ಆದರೆ ಕುರ್ಚಿ ಎಳೆದಾಟಕ್ಕೆ ಹೊಲಿಗೆ ಬಿಡುವುದೂ ಅಲ್ಲೇ, ಅನ್ನದಗುಳು ಕೂದಲಿಗಂಟುವುದೂ ಅಲ್ಲೇ.

ಓದುವ ಕೋಣೆಯಲ್ಲಿ ನಾಲ್ಕು ಕಾಲಿನ ಕುರ್ಚಿಯಾದರೆ ಪರವಾಗಿಲ್ಲ, ಕಾಲುಗಳಿಗೆ ಫೆಲ್ಟ್ ಬಿಲ್ಲೆ ಅಂಟಿಸಿ. ಚಕ್ರದ ಕುರ್ಚಿ ಇದ್ದರೆ ತೊಗಲು ಮೇಜಿನ ಕೆಳಗಲ್ಲ, ಪುಸ್ತಕದ ಕಪಾಟಿನ ಮುಂದೆಯೋ ಒರಗು ಕುರ್ಚಿಯ ಕೆಳಗೋ ಇರಲಿ. ಚಕ್ರ ಒಂದೇ ಜಾಡಿನಲ್ಲಿ ಹಿಂದೆ ಮುಂದೆ ಉರುಳಿ ಕೂದಲನ್ನು ಕಿತ್ತುಹಾಕುತ್ತದೆ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸುವವರಿದ್ದಾರೆ. ಅದರಡಿ ತೇವ ಸೇರಿ ವಾಸನೆ ಬರುತ್ತದೆ.

ಹೆಬ್ಬಾಗಿಲ ಬಳಿ ಹಾಸಲೇಬೇಕೆಂದರೆ ಹೊಸ್ತಿಲಿನಿಂದ ಬಾಗಿಲು ತೆರೆಯುವಷ್ಟು ಜಾಗ ಬಿಟ್ಟು ಈಚೆಗೆ ಹಾಸಿ, ಹೊರಗೆ ಒರಟು ಕಾಲೊರಸು ಇರಲಿ. ಚಪ್ಪಲಿಯ ಮರಳು ಕೂದಲಿನ ಬುಡಕ್ಕಿಳಿದು ಅರದಂತೆ ಕೆಲಸ ಮಾಡುತ್ತದೆ. ಕಪ್ಪು–ಕಂದು ಪಟ್ಟೆ ಬೆರೆತ ತೊಗಲಿನಲ್ಲಿ ಕೊಳೆ ಬೇಗ ಕಾಣುವುದಿಲ್ಲ, ಬಿಳಿಯದರಲ್ಲಿ ಒಂದೇ ವಾರಕ್ಕೆ ಕಾಣುತ್ತದೆ. ಅಡುಗೆಮನೆ, ಬಚ್ಚಲ ಬಾಗಿಲು: ಇಲ್ಲ. ಆವಿ, ನೀರು, ಎಣ್ಣೆ ಮೂರೂ ತೊಗಲಿಗೆ ಆಗದವು.

ಅಡಿಯಲ್ಲಿ ಏನು, ಎಷ್ಟು

ನುಣುಪಾದ ಟೈಲ್ಸ್, ಅಮೃತಶಿಲೆ, ಪಾಲಿಶ್ ಮಾಡಿದ ಮರ ಇವುಗಳ ಮೇಲೆ ತೊಗಲು ಜಾರುತ್ತದೆ. ಅಡಿಗೆ 2ರಿಂದ 3 ಮಿ.ಮೀ. ದಪ್ಪದ ಜಾರುತಡೆ ಜಾಲರಿ ಸಾಕು. ಅದನ್ನು ತೊಗಲಿನ ಆಕಾರಕ್ಕೇ, ಆದರೆ ಎಲ್ಲ ಕಡೆ 3 ಅಂಗುಲ ಒಳಗೆ ಕತ್ತರಿಸಿ. ಕಾಲಿನ ಚಾಚಿನೊಳಕ್ಕೂ ಒಂದು ನಾಲಿಗೆಯಷ್ಟು ಹೋಗಲಿ, ಇಲ್ಲದಿದ್ದರೆ ಎಡವುವುದು ಅಲ್ಲಿಯೇ. ದಪ್ಪ ಫೋಮ್ ಹಾಕಿದರೆ ಅಂಚು ಮೇಲೇಳುತ್ತದೆ. ವಿನೈಲ್ ನೆಲವಾದರೆ ರಬ್ಬರ್ ಜಾಲರಿ ಕಲೆ ಬಿಡಬಹುದು, ವಿನೈಲ್‌ಗೆ ಹೊಂದುವುದೆಂದು ಲೇಬಲ್ಲಿನಲ್ಲಿ ಬರೆದಿದ್ದನ್ನೇ ಆರಿಸಿ.

ನೀರು ಹಾಕಿ ನೆಲ ಒರೆಸುವ ಮನೆಗಳಲ್ಲಿ ತೊಗಲು ಕೆಡುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ. ಒರೆಸುವವರು ಅಂಚಿನವರೆಗೂ ಒದ್ದೆ ಬಟ್ಟೆ ಎಳೆಯುತ್ತಾರೆ, ನೀರು ಅಡಿಗೆ ಸೇರುತ್ತದೆ, ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ. ಒರೆಸುವ ಮೊದಲು ಕೂದಲು ಹೊರಗಾಗುವಂತೆ ಹಾಸನ್ನು ಸುರುಳಿ ಸುತ್ತಿ ಎತ್ತಿಡಿ. ಹಾಗೆ ಸುತ್ತಿದರೆ ಬಿಚ್ಚಿದಾಗ ಅಂಚು ನೆಲದ ಕಡೆಗೇ ಬಾಗುತ್ತದೆ. ನೆಲ ಪೂರ್ತಿ ಒಣಗಿದ ಮೇಲಷ್ಟೇ ಮತ್ತೆ ಹಾಸಿ.

ದೂಳು ತೆಗೆಯಲು ಮೆತ್ತನೆಯ ಪೊರಕೆ ಸಾಕು, ಕತ್ತಿನಿಂದ ಬಾಲಕ್ಕೆ. ವ್ಯಾಕ್ಯೂಮ್ ಕ್ಲೀನರ್ ಆದರೆ ತಿರುಗುವ ಬ್ರಷ್ ತೆಗೆದಿಡಿ. ಏನಾದರೂ ಚೆಲ್ಲಿದರೆ ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ಉಜ್ಜಬೇಡಿ.

ಮೂರರಿಂದ ಆರು ತಿಂಗಳಿಗೊಮ್ಮೆ ಹಾಸನ್ನು ತಿರುಗಿಸಿ. ಅರ್ಧ ಸುತ್ತು ತಿರುಗಿಸಿದರೆ ಕತ್ತಿನ ತುದಿ ಓಡಾಟದ ಬದಿಯಿಂದ ಆಚೆ ಹೋಗುತ್ತದೆ. ಅಂಥಲ್ಲಿ ದಿಕ್ಕು ಬದಲಿಸದೆ ಒಂದಡಿ ಪಕ್ಕಕ್ಕೆ ಸರಿಸಿದರೂ ಸವೆತ ಹಂಚಿಹೋಗುತ್ತದೆ. ಇದೇ ಹೊತ್ತಿಗೆ ಸೋಫಾ, ಮಂಚದ ಅಡಿ ಸಿಕ್ಕ ಭಾಗವನ್ನು ಎತ್ತಿ ನೋಡಿ. ಕೂದಲು ತಿನ್ನುವ ನುಸಿಹುಳು ಮನೆ ಮಾಡುವುದು ಕತ್ತಲಲ್ಲಿ, ಅಲುಗಾಡದ ಕಡೆ. ಎಲ್ಲಾದರೂ ಬೋಳು ಮಚ್ಚೆ, ಮರಳಿನಂಥ ಹಿಕ್ಕೆ ಕಂಡರೆ ಹೊರಗೆ ನೆರಳಲ್ಲಿ ಚೆನ್ನಾಗಿ ಕೊಡವಿ, ಅಡಿಯ ಜಾಲರಿಯನ್ನು ತೊಳೆದು ಒಣಗಿಸಿ, ನೆಲದ ಸಂದುಗಳನ್ನೂ ಗುಡಿಸಿ ಮತ್ತೆ ಹಾಸಿ. ಮಂಚದ ಕಾಲು ಒತ್ತಿ ಆದ ಕುಳಿಗೆ ಹಿಂಡಿದ ಬಟ್ಟೆ ಹತ್ತು ನಿಮಿಷ ಮುಚ್ಚಿಟ್ಟು, ಮೆತ್ತನೆ ಬ್ರಷ್ಷಿನಿಂದ ಕೂದಲು ಮಲಗಿದ ದಿಕ್ಕಿಗೆ ಬಾಚಿದರೆ ಮೇಲೇಳುತ್ತದೆ.