ಹೇಳಲಾಗದ ಸಾಲು ಬಂದಾಗ

ಭಾನುವಾರದ ಆರಾಧನೆಯಲ್ಲಿ ಎಲ್ಲರೂ ಎದ್ದು, ನಾವು ನಂಬುವುದನ್ನು ಸಾಲುಸಾಲಾಗಿ ಒಪ್ಪಿಕೊಳ್ಳುವ ವಿಶ್ವಾಸ ಪ್ರಮಾಣ ಹೇಳುವಾಗ, ನನಗೆ ನಿಜ ಅನ್ನಿಸದ ಸಾಲು ಬಂದರೆ ನಾನು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಯಾರೋ ಹೇಳಿಕೊಟ್ಟು ಮಾಡಿದ್ದಲ್ಲ, ಯಾರ ಮೇಲಿನ ಸಿಟ್ಟಿಗೂ ಮಾಡಿದ್ದಲ್ಲ. ಹೇಳಿದರೆ ದೇವರ ಎದುರಿಗೇ ಸುಳ್ಳು ಹೇಳಿದ ಹಾಗಾಗುತ್ತಿತ್ತು, ಅಷ್ಟೇ. ನಮ್ಮ ಸಭೆಗಳಲ್ಲಿ ‘ಹೊಸ ಹುಟ್ಟು’ ಅನ್ನುತ್ತಾರಲ್ಲ, ಮನುಷ್ಯ ಒಳಗಿಂದ ಬದಲಾಗಿ ದೇವರಲ್ಲಿ ಹೊಸಬನಾಗುವುದು, ಅದು ನನಗೆ ಈ ದಾರಿಯಲ್ಲೇ ಬಂತು. ಕೂಟಗಳಲ್ಲಿ ಸಾಕ್ಷಿ (ನಂಬಿಕೆಗೆ ಬಂದ ಕಥೆ) ಹೇಳಿ ಅಂದರೆ ಐದು ನಿಮಿಷದಲ್ಲಿ ಮುಗಿಸಬೇಕು, ಕೊನೆಗೆ ಎಲ್ಲರೂ ಹಲ್ಲೆಲೂಯ ಅನ್ನಬೇಕು. ನನ್ನ ಕಥೆ ಆ ಅಳತೆಗೆ ಹೊಂದುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಲೆಕ್ಕ ಬರೆಯುವವನು. ಬೆಳಿಗ್ಗೆ ಹಾಜರಿ, ಆಮೇಲೆ ಚೆಕ್‌ರೋಲ್, ವಾರದ ಕೊನೆಗೆ ಬಟವಾಡೆ. ಮನೆ ಹಾಸನದಲ್ಲಿ. ನಮ್ಮದು ವೆಸ್ಲಿಯನ್ (ಮೆಥೋಡಿಸ್ಟ್) ಮಿಷನ್ ಕಾಲದಿಂದ ಬಂದ ಕುಟುಂಬ. ಅಜ್ಜಿ ರೆಡ್‌ಫರ್ನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. 1947ರ ಸೆಪ್ಟೆಂಬರ್‌ನಲ್ಲಿ ಮೆಥೋಡಿಸ್ಟರು, ಆಂಗ್ಲಿಕನ್ನರು ಮತ್ತೆ ಕೆಲವರು ಸೇರಿ ದಕ್ಷಿಣ ಇಂಡಿಯಾ ಸಭೆಯಾದಾಗ ನಮ್ಮವರೂ ಸಿ.ಎಸ್.ಐ. ಆದರು. ಹಾಗಾಗಿ ನನಗೆ ನಂಬಿಕೆ ಮನೆಯಲ್ಲೇ ಸಿಕ್ಕಿತ್ತು: ಕೂಸಾಗಿದ್ದಾಗ ದೀಕ್ಷಾಸ್ನಾನ, ಆಮೇಲೆ ಸಂಡೇ ಸ್ಕೂಲು, ಹರೆಯಕ್ಕೆ ಬಂದ ಮೇಲೆ ಬಿಷಪ್ಪರ ಕೈಯಲ್ಲಿ ದೃಢೀಕರಣ.

ಇದು ಅಲ್ಲಾಡಿದ್ದು ತೋಟದ ಕೂಲಿಯವರ ಲೈನ್ ಮನೆಯಲ್ಲಿ. ಅಲ್ಲಿಗೆ ಪೆಂತೆಕೊಸ್ತ್ ಸಭೆಯವರು ಪ್ರಾರ್ಥನೆಗೆ ಬರುತ್ತಿದ್ದರು, ಒಳ್ಳೆಯ ಜನ. ಅವರಲ್ಲೊಬ್ಬರು ಒಂದು ಸಂಜೆ, “ಬ್ರದರ್, ನೀವು ಹೊಸದಾಗಿ ಹುಟ್ಟಿದ್ದು ಯಾವ ತಾರೀಖು?” ಅಂದರು. ದಿನವಿಡೀ ತಾರೀಖು ಬರೆದೇ ಹೊಟ್ಟೆ ಹೊರೆಯುವವನು ನಾನು, ಇದೊಂದಕ್ಕೆ ನನ್ನ ಹತ್ತಿರ ತಾರೀಖಿರಲಿಲ್ಲ. ಕ್ಯಾಥೊಲಿಕ್ ಆಗಿದ್ದ ನಮ್ಮ ಜೀಪ್ ಡ್ರೈವರ್‌ಗೆ ಹೇಳಿದರೆ ಅವನು ನಕ್ಕುಬಿಟ್ಟ. “ನಮಗೆ ಜ್ಞಾನಸ್ನಾನದಲ್ಲೇ ಆಗಿದೆ ಕಣ್ರೀ ರೈಟ್ರೇ, ಮತ್ತೆ ಯಾಕೆ ಹುಡುಕ್ತೀರಿ?” ಕ್ಯಾಥೊಲಿಕ್ಕರು ದೀಕ್ಷಾಸ್ನಾನಕ್ಕೆ ಹೇಳುವ ಹೆಸರು ಅದು. ಅವರಿಬ್ಬರೂ ನೆಮ್ಮದಿಯಾಗಿದ್ದರು. ನಿದ್ದೆ ಕೆಟ್ಟಿದ್ದು ನನಗೆ.

ಆಗ ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆಯತೊಡಗಿದೆ. ನೋಹನ ನಾವೆಯಲ್ಲಿ ಅಷ್ಟು ಪ್ರಾಣಿ ಹಿಡಿಸಿದ್ದು ಹೇಗೆ, ಆದಾಮನ ಮಗ ಕಾಯಿನನ ಹೆಂಡತಿ ಎಲ್ಲಿಂದ ಬಂದಳು, ಹೀಗೆ ಪುಟಗಟ್ಟಲೆ. ಕೆಲವು ವಾರ ಬಿಟ್ಟು ಓದಿದರೆ ಅರ್ಧಕ್ಕರ್ಧ ನನ್ನ ಪ್ರಶ್ನೆಗಳೇ ಅಲ್ಲ, ಯಾರೋ ಕೇಳಿದ್ದು, ಮೊಬೈಲಿನಲ್ಲಿ ನೋಡಿದ್ದು. ಅವಕ್ಕೆ ಉತ್ತರ ಸಿಕ್ಕರೂ ಸಿಗದಿದ್ದರೂ ಸೋಮವಾರ ನಾನು ಅದೇ ಮನುಷ್ಯ. ಅವನ್ನೆಲ್ಲ ಹೊಡೆದುಹಾಕಿದೆ. ಉತ್ತರ ಬಂದರೆ ನಾನು ಬದುಕುವ ರೀತಿ ಬದಲಾಗಲೇಬೇಕು ಅನ್ನುವಂಥವು ಮಾತ್ರ ಉಳಿದವು: ಯೇಸು ನಿಜವಾಗಿ ಎದ್ದನೇ? ನಾನು ಪ್ರಾರ್ಥಿಸುವಾಗ ಆ ಕಡೆ ಯಾರಾದರೂ ಇದ್ದಾರೆಯೇ? ನನಗೆ ಕ್ಷಮೆ ಸಿಕ್ಕಿದೆಯೇ? ಇಷ್ಟು ಸೋಸಿದ್ದರಿಂದಲೇ ಮುಂದಿನದು ಸಾಧ್ಯವಾಯಿತು ಅಂತ ನನ್ನ ಎಣಿಕೆ. ತಕರಾರು ಬೇರೆ, ಪ್ರಶ್ನೆ ಬೇರೆ. ತಕರಾರು ಮಾಡುವವನಿಗೆ ಉತ್ತರ ಸಿಗದಿದ್ದರೇ ಅನುಕೂಲ.

ಸಾಲು ಬಿಡುವುದು ಆಗಲೇ ಶುರುವಾಯಿತು. ಪಕ್ಕದಲ್ಲೇ ನಿಲ್ಲುವ ಅಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಹೊರಗೆ ಬಂದ ಮೇಲೆ, “ಏನೋ, ಪಿಲಾತನ ಹೆಸರು ಬಂದಾಗ ಮಾತ್ರ ಗಟ್ಟಿಯಾಗಿ ಹೇಳ್ತೀಯಲ್ಲ?” ಅಂದರು. ನಿಜವೇ. ಇಡೀ ಪ್ರಮಾಣದಲ್ಲಿ ನನಗೆ ಅನುಮಾನವಿಲ್ಲದೆ ಇದ್ದದ್ದು ಯೇಸುವನ್ನು ಶಿಲುಬೆಗೆ ಒಪ್ಪಿಸಿದ ರೋಮಿನ ಅಧಿಕಾರಿ ಪೊಂತ್ಯ ಪಿಲಾತನೊಬ್ಬನ ಮೇಲೆ. ಅವನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ ಸಿಕ್ಕಿದೆ. ಅಮ್ಮ ಬೈಯಲಿಲ್ಲ. “ಅಯ್ಯನವರ ಹತ್ರ ಹೋಗು, ಒಳಗೇ ಇಟ್ಕೋಬೇಡ” ಅಂದರು.

ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿ, ನನಗೆ ಉತ್ತರ ಕೊಡಲಿಲ್ಲ, ಕೆಲಸ ಕೊಟ್ಟರು. ಮಾರ್ಕನ ಸುವಾರ್ತೆಯನ್ನು ಒಂದೇ ಪಟ್ಟಿಗೆ, ಗಟ್ಟಿಯಾಗಿ ಓದು ಅಂದರು. ಹದಿನಾರೇ ಅಧ್ಯಾಯ, ಒಂದು ಸಂಜೆಗೆ ಮುಗಿಯುತ್ತದೆ. ತೀರ ಹಳೆಯ ಕೈಬರಹದ ಪ್ರತಿಗಳಲ್ಲಿ ಅದು ಕೊನೆಯ ಅಧ್ಯಾಯದ 8ನೇ ವಚನಕ್ಕೇ ನಿಂತುಹೋಗುತ್ತದೆ, ಹೆಂಗಸರು ಹೆದರಿ ಸಮಾಧಿಯಿಂದ ಓಡಿಹೋಗುವಲ್ಲಿಗೆ. ಆಮೇಲಿನ ವಚನಗಳು ನಾಲ್ಕನೇ ಶತಮಾನದ ಎರಡು ದೊಡ್ಡ ಪ್ರತಿಗಳಲ್ಲಿ ಇಲ್ಲ. ಇದನ್ನು ಅಯ್ಯನವರೇ ಹೇಳಿದರು. ಇಷ್ಟು ವರ್ಷ ಇದನ್ನು ಯಾಕೆ ಯಾರೂ ಹೇಳಲಿಲ್ಲ ಅಂತ ಮೊದಲು ಕೋಪ ಬಂತು. ಆಮೇಲೆ ಅನ್ನಿಸಿತು: ಕಥೆ ಕಟ್ಟುವವರು ಹೀಗೆ ಹೆದರಿಕೆಯಲ್ಲಿ ಮುಗಿಸುತ್ತಾರೆಯೇ? ಮತ್ತಾಯನ ಕೊನೆಯ ಅಧ್ಯಾಯದಲ್ಲಿ, ಎದ್ದ ಯೇಸು ಕಣ್ಣೆದುರಿಗೆ ನಿಂತಿದ್ದಾಗಲೂ ಕೆಲವರು ಸಂದೇಹಪಟ್ಟರು ಎಂದಿದೆ. ಅಳಿಸಿಹಾಕಬಹುದಾಗಿದ್ದ ಮಾತನ್ನು ಅಳಿಸದೆ ಬಿಟ್ಟಿದ್ದಾರೆ. ಮೊದಲ ಕಾಲದ ಬೋಧಕ ಪೌಲನು ಕೊರಿಂಥದ ಸಭೆಯವರಿಗೆ ಬರೆದದ್ದು ಶಿಲುಬೆಯ ಸುಮಾರು ಇಪ್ಪತ್ತೈದು ವರ್ಷದೊಳಗೆ. ಎದ್ದವನನ್ನು ಕಂಡವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತ ಅದರಲ್ಲಿ ಬರೆಯುತ್ತಾನೆ. ಇದರಿಂದ ಪುನರುತ್ಥಾನ ರುಜುವಾತಾಯಿತು ಅನ್ನುವುದಿಲ್ಲ. ಆದರೆ ಯೇಸು ಎದ್ದನು ಅನ್ನುವ ಸಾಲು ಹೇಳಲು ನನಗೆ ಧೈರ್ಯ ಬಂತು, ಒಂದು ಭಾನುವಾರ ಹೇಳಿದೆ.

ತಾರೀಖಿನ ವಿಷಯಕ್ಕೆ ಅಯ್ಯನವರು ಜಾನ್ ವೆಸ್ಲಿಯನ್ನು ತಂದರು. ನಮ್ಮ ಹಿರಿಯರಿಗೆ ಸುವಾರ್ತೆ ತಂದವರ ಮೂಲಪುರುಷ. ಅವನು ಪಾದ್ರಿಯಾದದ್ದು 1728ರಲ್ಲಿ. 1736ರಲ್ಲಿ ಅಮೆರಿಕಕ್ಕೆ ಹೋಗುವ ಹಡಗು ಬಿರುಗಾಳಿಗೆ ಸಿಕ್ಕಾಗ, ಜೊತೆಗಿದ್ದ ಮೊರೇವಿಯನ್ ಸಭೆಯ ಜರ್ಮನ್ ವಿಶ್ವಾಸಿಗಳು ನಿಶ್ಚಿಂತೆಯಿಂದ ಹಾಡುತ್ತಿದ್ದರು, ಪಾದ್ರಿ ಸಾವಿಗೆ ಹೆದರಿ ನಡುಗುತ್ತಿದ್ದ. ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು ಅಂತ ಅವನು ಬರೆದುಕೊಂಡದ್ದು 1738ರ ಮೇ 24ರಂದು, ಲಂಡನ್ನಿನಲ್ಲಿ. ಇಲ್ಲಿಗೆ ಎಲ್ಲರೂ ನಿಲ್ಲಿಸುತ್ತಾರೆ. ಅಯ್ಯನವರು ನಿಲ್ಲಿಸಲಿಲ್ಲ. ಮರುವರ್ಷದ ಜನವರಿಯಲ್ಲಿ ಅದೇ ವೆಸ್ಲಿ, ನಾನು ಈಗ ಕ್ರೈಸ್ತನಲ್ಲ ಅಂತ ಬರೆದುಕೊಂಡಿದ್ದಾನೆ. ತಾರೀಖಿದ್ದವನ ಪಾಡು ಇದು! ದೀಕ್ಷಾಸ್ನಾನವೂ ಹೊಸ ಹುಟ್ಟೂ ಒಂದೇ ಅಲ್ಲ ಅಂತ ಬೋಧಿಸಿದವನೂ ಅವನೇ, ಹಾಗಾಗಿ ಡ್ರೈವರ್‌ನ ನೆಮ್ಮದಿಯೂ ನನಗೆ ದಕ್ಕಲಿಲ್ಲ.

ಯೋಹಾನನ ಸುವಾರ್ತೆಯಲ್ಲಿ ಬರುವ ಯೆಹೂದ್ಯರ ಮುಖಂಡ ನಿಕೊದೇಮನನ್ನೇ ನೋಡಿ. ಹೊಸದಾಗಿ ಹುಟ್ಟಬೇಕು ಅನ್ನುವ ಮಾತು ಬಂದದ್ದೇ ಅವನಿಗೆ. ರಾತ್ರಿ ಯೇಸುವಿನ ಹತ್ತಿರ ಬರುತ್ತಾನೆ, ಮುದುಕನಾದವನು ಹುಟ್ಟುವುದು ಹೇಗೆ ಅಂತ ಕೇಳುತ್ತಾನೆ. ಒಪ್ಪಿದನೋ ಬಿಟ್ಟನೋ ಯೋಹಾನ ಹೇಳುವುದಿಲ್ಲ. ಏಳನೇ ಅಧ್ಯಾಯದಲ್ಲಿ, ವಿಚಾರಿಸದೆ ತೀರ್ಪು ಮಾಡಬಹುದೇ ಅಂತ ತನ್ನವರೆದುರು ಒಂದು ಮಾತಾಡಿ ಬೈಸಿಕೊಳ್ಳುತ್ತಾನೆ. ಹತ್ತೊಂಬತ್ತರಲ್ಲಿ ಶಿಷ್ಯರೇ ಚದರಿಹೋಗಿರುವಾಗ ರಕ್ತಬೋಳ, ಅಗರು ಅನ್ನುವ ಸುಗಂಧದ್ರವ್ಯ ಹೊತ್ತು ಯೇಸುವಿನ ಹೆಣಕ್ಕೆ ಸುತ್ತಲು ಬರುತ್ತಾನೆ, ನಮ್ಮ ಲೆಕ್ಕಕ್ಕೆ ಮೂವತ್ತು ಕಿಲೋ ಮೇಲೆ. ಇವನು ಹುಟ್ಟಿದ್ದು ಇದರಲ್ಲಿ ಯಾವ ದಿನ?

ಸಾಲುಗಳು ಹೀಗೆ ಒಂದೊಂದಾಗಿ ವಾಪಸು ಬಂದವು. ಬಾರದೆ ಉಳಿದದ್ದು ವಿಶ್ವಾಸ ಪ್ರಮಾಣದಲ್ಲಿ ಅಲ್ಲ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ. ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು.’ ಇದರಲ್ಲಿ ನಂಬಲು ಕಷ್ಟವಾದದ್ದು ಏನೂ ಇಲ್ಲ. ಆದರೆ ಅಪ್ಪ ಹಾಸಿಗೆ ಹಿಡಿದಿದ್ದಾಗ ಅಣ್ಣ ಸೈಟನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದ, ನಾವು ಮಾತು ಬಿಟ್ಟು ವರ್ಷಗಳಾಗಿದ್ದವು. ಆ ಸಾಲು ಹೇಳಿದರೆ ನನಗೇ ಶಾಪ ಹಾಕಿಕೊಂಡ ಹಾಗೆ. ಮತ್ತಾಯನ ಆರನೇ ಅಧ್ಯಾಯದಲ್ಲಿ ಪ್ರಾರ್ಥನೆ ಮುಗಿದ ಮೇಲೆ ಯೇಸು ತಿರುಗಿ ವಿವರಿಸುವುದು ಈ ಒಂದೇ ಬೇಡಿಕೆಯನ್ನು. ಮಿಕ್ಕ ಪ್ರಶ್ನೆಗಳಿಗೆ ಪುಸ್ತಕ ಇತ್ತು, ಅಯ್ಯನವರಿದ್ದರು. ಇದಕ್ಕೆ ಬಸ್ಸು ಹತ್ತಬೇಕಿತ್ತು.

ಹೋದೆ. ಅಣ್ಣ ಬಾಗಿಲಲ್ಲೇ ನಿಂತು, “ಏನು, ದಾರಿ ತಪ್ಪಿ ಬಂದ್ಯಾ?” ಅಂದ. ಅತ್ತಿಗೆ ಒಳಗೆ ಕರೆದರು. ಕೂತ ತಕ್ಷಣ ಅವನ ಕಣ್ಣು ನನ್ನ ಬ್ಯಾಗಿನ ಮೇಲೆ. “ಲಾಯರ್ ಪೇಪರ್ ತಂದಿದ್ದೀಯಾ?”

“ಇಲ್ಲ ಅಣ್ಣ. ಕೇಸ್ ಹಾಕಲ್ಲ. ಸೈಟು ಕೇಳಕ್ಕೂ ಬಂದಿಲ್ಲ.”

“ಮತ್ತೆ?”

ಮತ್ತೆ ಅಂದರೆ ಏನು ಹೇಳೋದು? ಕರ್ತನ ಪ್ರಾರ್ಥನೆ ಹೇಳಕ್ಕಾಗ್ತಿಲ್ಲ ಅಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ. ಕಾಫಿ ಕುಡಿದು, ಅತ್ತಿಗೆಯ ಶುಗರ್ ವಿಷಯ ಮಾತಾಡಿ ಎದ್ದು ಬಂದೆ. ಅಪ್ಪಿಕೊಂಡು ಅಳುವುದೆಲ್ಲ ಆಗಲಿಲ್ಲ. ಸೈಟು ಇವತ್ತಿಗೂ ಅವನ ಹೆಸರಲ್ಲೇ ಇದೆ, ಬೇಲೂರು ರಸ್ತೆಯಲ್ಲಿ ಬಸ್ಸು ಅದರ ಮುಂದೆ ಹಾದಾಗ ಹೊಟ್ಟೆಯಲ್ಲಿ ಈಗಲೂ ಏನೋ ಆಗುತ್ತದೆ. ಆದರೆ ಮುಂದಿನ ಭಾನುವಾರ ಆ ಸಾಲು ಬಾಯಿಗೆ ಬಂತು. ಆ ಕಡೆ ಯಾರೋ ಇದ್ದಾರೆ ಅನ್ನುವುದು ನನಗೆ ಮೊದಲ ಸಲ ವಾದವಿಲ್ಲದೆ ಗೊತ್ತಾದದ್ದು ಅವತ್ತು. ಯಾರಾದರೂ ಹಟ ಹಿಡಿದು ಕೇಳಿದರೆ ನನ್ನ ಹೊಸ ಹುಟ್ಟು ಇದೇ ಅನ್ನುತ್ತೇನೆ.

ನಂಬಿಕೆ ಚಿಗುರಿಸಲು ನಡೆಸುವ ಉಜ್ಜೀವನ ಕೂಟಗಳ ಬಗ್ಗೆ ನನ್ನದೊಂದು ಮಾತು. ಮಾರ್ಚ್ ಬಂದರೆ ನಮ್ಮ ಕಡೆಯ ಪ್ರಸಂಗಿಗಳು ಕಾಫಿಯ ಹೂಮಳೆಯನ್ನು ಪವಿತ್ರಾತ್ಮನಿಗೆ ಹೋಲಿಸುತ್ತಾರೆ. ಒಂದು ಮಳೆಗೆ ತೋಟವೆಲ್ಲ ಬೆಳ್ಳಗಾಗುವುದು ನಿಜ. ಆದರೆ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ ಬೀಳದಿದ್ದರೆ ಕಾಯಿ ಕಟ್ಟುವುದಿಲ್ಲ. ಕೂಟದ ರಾತ್ರಿ ಅತ್ತವರನ್ನು ನಾನು ಹಂಗಿಸುವುದಿಲ್ಲ, ಆ ಎರಡನೇ ಮಳೆಯ ಬಗ್ಗೆ ಪ್ರಸಂಗ ಕೇಳಿಲ್ಲ ಅಂತಷ್ಟೇ.

ಈಗ ತಿಂಗಳಿಗೊಮ್ಮೆ ನಮ್ಮ ಮನೆಯಲ್ಲಿ ಕೆಲವರು ಸೇರುತ್ತೇವೆ. ವೆಸ್ಲಿಯ ಕಾಲದಲ್ಲಿ ಸುಮಾರು ಹನ್ನೆರಡು ಜನದ ಚಿಕ್ಕ ಗುಂಪುಗಳು ವಾರವಾರ ಸೇರಿ ‘ನಿಮ್ಮ ಆತ್ಮ ಹೇಗಿದೆ’ ಅಂತ ಕೇಳಿಕೊಳ್ಳುತ್ತಿದ್ದವು, ಅದರದೇ ಬಡ ನಕಲು. ಯಾರ ಪ್ರಶ್ನೆಗೂ ಅದೇ ದಿನ ಉತ್ತರ ಕೊಡಬಾರದು ಅನ್ನುವುದೊಂದೇ ನಿಯಮ. ಕೊಟ್ಟರೆ ಕೇಳಿದವರ ಬಾಯಿ ಮುಚ್ಚುತ್ತದೆ, ಪ್ರಶ್ನೆ ಹಾಗೇ ಉಳಿಯುತ್ತದೆ. ತೋಟದಲ್ಲಿ ಕೆಲಸಕ್ಕೆ ಹೋಗುತ್ತಿದ್ದ ತಾಯಿಯನ್ನು ಆನೆ ತುಳಿದು ಕಳೆದುಕೊಂಡ ಹುಡುಗಿಯೊಬ್ಬಳು ಬರುತ್ತಾಳೆ. “ಅಮ್ಮ ಅವತ್ತೂ ಪ್ರಾರ್ಥನೆ ಮಾಡ್ಕೊಂಡೇ ಹೋಗಿದ್ರು” ಅಂದಳು. ಅವತ್ತು 88ನೇ ಕೀರ್ತನೆ ಓದಿದೆವು. ಕತ್ತಲಲ್ಲೇ ಮುಗಿಯುವ ಕೀರ್ತನೆ ಅದು, ಸಮಾಧಾನದ ಮಾತೇ ಇಲ್ಲ. “ಇಂಥದ್ದೂ ಬೈಬಲ್‌ನಲ್ಲಿ ಇದೆಯಾ ಅಂಕಲ್?” ಅಂತ ಕೇಳಿದಳು.

ಬರುವ ಸಲಕ್ಕೆ ಯೋಬನ 38ನೇ ಅಧ್ಯಾಯ ಅವಳೇ ಆರಿಸಿದ್ದಾಳೆ. ಮಕ್ಕಳು, ಆಸ್ತಿ, ಆರೋಗ್ಯ ಅಷ್ಟೂ ಕಳೆದುಕೊಂಡು ಯಾಕೆ ಅಂತ ಕೇಳಿದ ಯೋಬನಿಗೆ ದೇವರು ಉತ್ತರ ಕೊಡದೆ ತಿರುಗಿ ಪ್ರಶ್ನೆಗಳನ್ನೇ ಕೇಳಿದ್ದು ನ್ಯಾಯವೇ ಅಂತ ಅವಳ ಜಗಳ. ಅದೇ ಪುಸ್ತಕದ ಕೊನೆಯಲ್ಲಿ, ಯೋಬನೇ ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ್ದು, ನನ್ನನ್ನು ಸಮರ್ಥಿಸಿದ ಗೆಳೆಯರಲ್ಲ ಅಂತ ದೇವರೇ ಹೇಳುತ್ತಾನೆ. ಅದನ್ನು ಅವಳಿಗೆ ನಾನಿನ್ನೂ ಹೇಳಿಲ್ಲ, ಅವಳೇ ಓದಿಕೊಂಡು ಬರಲಿ.